ಒಡ್ಡಿನ ಹೊರಗಿನ ಕೆಸರು

ಶ್ರಾವಣ ಮಾಸದ ಎರಡನೆಯ ದಿನ, ಬೆಳಗಿನ ಪಾಠ ಮುಗಿದ ಮೇಲೆ, ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಹೋದ ಕಾಡು ಮರಳಿ ಬರಬೇಕಾದರೆ ಮೊದಲು ಯಾವುದನ್ನು ಅಲ್ಲಿಂದ ತೆಗೆಯಬೇಕು?"

ಅವನು ಕೇಳಿದ್ದಕ್ಕೆ ಕಾರಣವಿತ್ತು. ಆಶ್ರಮದ ಹಿಂದಿನ ಬೋಳು ಗುಡ್ಡದಲ್ಲಿ ಕಾಡು ಬೆಳೆಸುವ ಕೆಲಸ ಅವನದು. ಹಿಂದಿನ ಮಳೆಗಾಲದಲ್ಲಿ ಆರುನೂರು ಸಸಿ ನೆಟ್ಟಿದ್ದ. ನಾನೂರ ಹತ್ತನ್ನು ಮೊಲ, ಮುಳ್ಳುಹಂದಿ, ಗೆದ್ದಲು ತಿಂದಿದ್ದವು. ಉರುಲು ಇಡಲು, ಹುತ್ತಕ್ಕೆ ವಿಷ ಸುರಿಯಲು ಅವನಿಗೆ ಅಪ್ಪಣೆ ಬೇಕಾಗಿತ್ತು.

ಗುರು ಅಪ್ಪಣೆ ಕೊಡಲಿಲ್ಲ. ಬೇಡವೆಂದೂ ಹೇಳಲಿಲ್ಲ. ಕುಳಿತುಕೋ ಎಂದು ಕತೆ ಆರಂಭಿಸಿದರು.

ಹೊಳೆ ಸಮುದ್ರ ಸೇರುವ ಕಡೆ ಒಂದು ಊರು. ನಲವತ್ತು ಮನೆ, ನಲವತ್ತು ಗದ್ದೆ. ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರವರು ಹೊಳೆಯ ಉದ್ದಕ್ಕೂ ಮಣ್ಣಿನ ಒಡ್ಡು ಹಾಕಿದ್ದರು. ಒಡ್ಡಿನ ಹೊರಗೆ ಕೆಸರು, ಕೆಸರಿನಲ್ಲಿ ಕಾಂಡ್ಲ. ಕಾಂಡ್ಲವೆಂದರೆ ಉಪ್ಪುನೀರಿನಲ್ಲೇ ಬೇರೂರಿ ನಿಲ್ಲುವ ಗಿಡ. ತೆರೆಯ ಪೆಟ್ಟು ಮೊದಲು ಅದರ ಬೇರಿಗೆ ಬೀಳುತ್ತಿತ್ತು. ಒಡ್ಡನ್ನು ಮುಟ್ಟುವಾಗ ನೀರಿನ ಬಲ ಕುಂದಿರುತ್ತಿತ್ತು.

ಒಡ್ಡನ್ನು ನಲವತ್ತು ಪಾಲು ಮಾಡಿದ್ದರು. ಪ್ರತಿ ಮನೆಗೆ ತನ್ನ ಗದ್ದೆಯ ಎದುರಿನ ಪಾಲು. ಏಡಿಗಳು ಒಡ್ಡನ್ನು ಕೊರೆಯುತ್ತವೆ. ಆದ್ದರಿಂದ ಅಮಾವಾಸ್ಯೆ, ಹುಣ್ಣಿಮೆಗಳ ಹಿಂದಿನ ದಿನ ಎಲ್ಲರೂ ತಮ್ಮ ಪಾಲಿನ ಮೇಲೆ ನಡೆದು ಏಡಿಬಿಲಗಳಿಗೆ ಮಣ್ಣಿನ ಉಂಡೆ ತುರುಕಿ ತುಳಿಯಬೇಕು. ಒಡ್ಡಿನ ಹೊರಬುಡ ದಾಟಿ ಏಡಿಯ ತಂಟೆಗೆ ಹೋಗಬಾರದು. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬನ ಪಾಲು ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ಹೋಗುತ್ತದೆ. ಹಾಗಾಗಿ ಯಾರ ಪಾಲು ಎರಡು ಸಲ ಒಡೆಯುವುದೋ ಅವನು ಗದ್ದೆ ಬಿಟ್ಟುಕೊಡಬೇಕು.

ಅಲ್ಲಿಯ ಒಬ್ಬ ರೈತ ತನ್ನ ಪಾಲಿನ ಎದುರಿನ ಕಾಂಡ್ಲವನ್ನೆಲ್ಲ ಕಡಿದ. ಅದರಲ್ಲಿ ಕೂರುವ ಹಕ್ಕಿಗಳು ತನ್ನ ತೆನೆ ತಿನ್ನುತ್ತವೆ ಎಂದು ಅವನು ತಿಳಿದಿದ್ದ. ಹಕ್ಕಿಗಳು ಹೋದವು. ಆ ವರ್ಷ ಎರಡು ಮೂಟೆ ಭತ್ತ ಹೆಚ್ಚು ಬಂತು. ಮರುವರ್ಷ ಶ್ರಾವಣದ ಅಮಾವಾಸ್ಯೆಯ ಉಬ್ಬರಕ್ಕೆ ಅವನ ಪಾಲು ಒಡೆಯಿತು. ನಲವತ್ತು ಮನೆಯವರೂ ಆ ವರ್ಷ ಅಕ್ಕಿ ಕೊಂಡು ಉಂಡರು.

ಊರವರು ಬೈಯಲಿಲ್ಲ. ಒಡ್ಡು ಕಟ್ಟಿಕೊಟ್ಟು, ಇದು ಒಂದನೆಯ ಸಲ ಎಂದಷ್ಟೇ ಹೇಳಿ ಹೋದರು.

ರೈತ ಹೊಳೆಯಾಚೆಯಿಂದ ಕಾಂಡ್ಲದ ಕಾಯಿಗಳನ್ನು ತಂದ. ಬೆರಳಿನಂತೆ ಉದ್ದವಾಗಿ, ಮರದಲ್ಲೇ ಮೊಳೆತು ಬೀಳುವ ಕಾಯಿಗಳು. ಹಗ್ಗ ಹಿಡಿದು, ಮೊಳಕ್ಕೊಂದರಂತೆ, ಸಾಲಾಗಿ ಒಂದು ಸಾವಿರ ನೆಟ್ಟ. ದಿನವೂ ನೀರು ಇಳಿದ ಹೊತ್ತಿಗೆ ಹೋಗಿ ಎಣಿಸಿದ. ಹದಿನೈದು ದಿನದಲ್ಲಿ ಎಂಟುನೂರನ್ನು ಏಡಿಗಳು ಕತ್ತರಿಸಿದ್ದವು.

ಒಡ್ಡಿನಲ್ಲಿ ಏಡಿ ಶತ್ರುವಾದರೆ ಕೆಸರಿನಲ್ಲೂ ಶತ್ರುವೇ ಎಂದು ಅವನಿಗೆ ತೋರಿತು. ಹೊರಬುಡ ದಾಟಿದ. ಕೆಸರಿನ ಒಂದೊಂದು ಬಿಲಕ್ಕೂ ಸುಟ್ಟ ಸುಣ್ಣ ಸುರಿದು ತುಳಿದ. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಒಂದು ಏಡಿಯೂ ಕಾಣಲಿಲ್ಲ. ಮತ್ತೆ ಸಾವಿರ ಕಾಯಿ ನೆಟ್ಟ. ಈ ಸಲ ಯಾವುದೂ ತುಂಡಾಗಲಿಲ್ಲ. ಎಲ್ಲವೂ ನಿಂತಲ್ಲೇ ಹಳದಿಯಾಗಿ ಸತ್ತವು.

ಆ ಕೆಸರಿನಲ್ಲಿ ಬಳಚು ಹೆಕ್ಕಿ ಬದುಕುವ ಮುದುಕಿಯೊಬ್ಬಳಿದ್ದಳು. ಬಳಚು ಎಂದರೆ ಚಿಪ್ಪಿನೊಳಗಿನ ಜೀವಿ, ಊರವರ ಸಾರಿಗೆ ಅದು ಬೇಕು. ರೈತನ ಪಾಲಿನ ಎದುರು ಅವಳಿಗೆ ಆ ವರ್ಷ ಒಂದು ಹಿಡಿಯೂ ಸಿಕ್ಕಿರಲಿಲ್ಲ. ಅವಳು ಮೊಣಕೈವರೆಗೆ ಕೈ ಇಳಿಸಿ ಕೆಸರು ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ಅದು ಕಪ್ಪಾಗಿತ್ತು, ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು.

"ಮೂಸು ತಮ್ಮಾ. ಏಡಿ ಬಿಲ ತೋಡಿದರೆ ಕೆಸರಿನ ಹೊಟ್ಟೆಗೆ ಗಾಳಿ ಹೋಗ್ತದೆ. ನೀನು ಬಾಯಿಗೆ ಸುಣ್ಣ ತುರುಕಿ, ಮೇಲಿಂದ ಊಟ ಬಡಿಸ್ತಾ ಇದ್ದೀಯಲ್ಲ ಮಾರಾಯ."

"ಹಾಗಾದರೆ ಏಡಿಯನ್ನು ಎಲ್ಲಿಂದ ತರಲಿ ಅಜ್ಜಿ?"

"ತರೋದು ಬೇಡ. ನೀನು ಒಡ್ಡಿನಿಂದ ಈಚೆ ಇಳಿಯದಿದ್ದರೆ ಸಾಕು. ಅಷ್ಟು ಆಗ್ತದಾ ನಿನ್ನ ಕೈಯಲ್ಲಿ?"

ಅದು ಸುಲಭವಿರಲಿಲ್ಲ. ಒಡ್ಡಿನ ಮೇಲೆ ನಿಂತು ನೋಡುವುದಷ್ಟೇ ಅವನ ಕೆಲಸವಾಯಿತು. ಮೊದಲ ವರ್ಷ ಕೆಸರಿನ ಮೇಲೆ ಹಸಿರು ಪಾಚಿ ಬಿಟ್ಟು ಬೇರೇನೂ ಬರಲಿಲ್ಲ. ಪ್ರತಿ ಉಬ್ಬರವೂ ಒಡ್ಡಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಕರಗಿಸಿತು. ಕೆಳಗೆ ಇಳಿದು ಏನಾದರೂ ಮಾಡೋಣವೆಂದು ಕಾಲು ಎಳೆಯುತ್ತಿತ್ತು. ಅವನು ಇಳಿಯಲಿಲ್ಲ.

ಎರಡನೆಯ ವರ್ಷ ಅಕ್ಕಪಕ್ಕದ ಪಾಲುಗಳ ಎದುರಿನಿಂದ ಏಡಿಗಳು ಬಂದವು. ಕೆಸರಿನ ಬಣ್ಣ ತಿಳಿಯಾಯಿತು. ಮಳೆಗಾಲದ ಹೊಳೆ ಎಲ್ಲಿಂದಲೋ ಕಾಂಡ್ಲದ ಕಾಯಿಗಳನ್ನು ತೇಲಿಸಿ ತಂದು ಬಿಟ್ಟುಹೋಯಿತು. ಕೆಲವನ್ನು ಏಡಿಗಳು ತಿಂದವು, ಕೆಲವನ್ನು ಬಿಟ್ಟವು. ಮೂರನೆಯ ವರ್ಷ ಅವನು ಒಡ್ಡಿನ ಮೇಲಿಂದ ಎಣಿಸಿದಾಗ ಮುನ್ನೂರ ನಲವತ್ತು ಗಿಡಗಳಿದ್ದವು. ಸಾಲಿರಲಿಲ್ಲ. ಎಲೆ ನೋಡಿದರೆ ಒಂದೇ ಜಾತಿಯವೂ ಅಲ್ಲ, ನಾಲ್ಕು ಜಾತಿ. ಅವುಗಳ ಬುಡದಲ್ಲಿ ಮೀನುಮರಿ, ಸಿಗಡಿಮರಿ ಸೇರಿದ್ದವು. ಅವನ್ನು ಹುಡುಕಿ ಬೆಳ್ಳಕ್ಕಿ ಬಂತು. ಮುದುಕಿಯ ಬುಟ್ಟಿ ಅರ್ಧ ತುಂಬಿತು.

ಆದರೆ ಗಿಡಗಳು ಇನ್ನೂ ಮೊಣಕಾಲೆತ್ತರ. ತೆರೆಯನ್ನು ತಡೆಯುವ ಶಕ್ತಿ ಅವಕ್ಕಿರಲಿಲ್ಲ.

ಆ ಶ್ರಾವಣದ ಅಮಾವಾಸ್ಯೆಗೆ ಎಂಟು ದಿನವಿರುವಾಗ ಊರವರು ಬಂದು ಅವನ ಪಾಲನ್ನು ಅಳೆದರು. ನಾಲ್ಕು ಮೊಳ ಅಗಲವಿದ್ದ ಒಡ್ಡು ಒಂದೂವರೆ ಮೊಳಕ್ಕೆ ಬಂದಿತ್ತು. ತೆರೆ ಹೊರಬುಡವನ್ನೇ ಕೊರೆದಿತ್ತು. ಗದ್ದೆಯ ಮಣ್ಣು ತೆರೆಯ ನೇರ ಪೆಟ್ಟಿಗೆ ನಿಲ್ಲುವುದಿಲ್ಲ. ಬುಡ ಗಟ್ಟಿ ಮಾಡಬೇಕಾದರೆ ಕಾಂಡ್ಲ ನಿಂತಿದ್ದ ಕೆಸರನ್ನು ಅಗೆದು ಅಲ್ಲೇ ಮೆತ್ತಬೇಕು. ಊರವರು ಗುದ್ದಲಿ, ಬುಟ್ಟಿ ತಂದಿದ್ದರು. ಎರಡು ದಿನದ ಕೆಲಸ ಎಂದರು.

ರೈತ ಬೇಡವೆಂದ. ಈ ವರ್ಷ ಅಗೆದರೆ ಮುಂದಿನ ವರ್ಷವೂ ಅಗೆಯಬೇಕು, ಪ್ರತಿ ವರ್ಷ ಬುಡ ಇನ್ನಷ್ಟು ಸಡಿಲವಾಗುತ್ತದೆ ಎಂದ. ಪಕ್ಕದ ಗದ್ದೆಯವನು ಗುದ್ದಲಿಯನ್ನು ನೆಲಕ್ಕೆ ಊರಿ ನಿಂತ. ಇವನ ಗಿಡ ಉಳಿಯಲಿ ಎಂದು ನಮ್ಮ ಮಕ್ಕಳು ಉಪವಾಸ ಇರಬೇಕೋ ಎಂದು ಊರವರನ್ನು ಕೇಳಿದ. ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಒಡ್ಡು ಒಡೆದರೆ ಎಲ್ಲರ ಬೆಳೆಯೂ ಹೋಗುತ್ತಿತ್ತು. ರೈತನಿಗಂತೂ ಅದು ಎರಡನೆಯ ಸಲ. ಅವನಿಗೆ ಹೆಂಡತಿಯಿದ್ದಳು, ಮದುವೆಯಾಗದ ಇಬ್ಬರು ತಂಗಿಯರಿದ್ದರು. ಆ ಗದ್ದೆ ಬಿಟ್ಟರೆ ಬೇರೆ ನೆಲವಿರಲಿಲ್ಲ.

ಅವನು ಬಹಳ ಹೊತ್ತು ಒಡ್ಡಿನ ಮೇಲೆ ಕುಳಿತ. ಊರವರು ಕಾದರು. ಆಮೇಲೆ ಅವನು ಎದ್ದು ಗದ್ದೆಯ ಕಡೆ ತಿರುಗಿ, "ಮೂರು ಬದಿಯ ಬದುವನ್ನು ಒಡ್ಡಿನಷ್ಟು ಎತ್ತರ ಮಾಡಿ. ಮಣ್ಣು ನನ್ನ ಗದ್ದೆಯದೇ ತೆಗೆಯಿರಿ," ಎಂದ.

ಯಾರೂ ಅಲುಗಲಿಲ್ಲ. ಗದ್ದೆಯಲ್ಲಿ ಪೈರು ದಟ್ಟವಾಗಿ ನಿಂತಿತ್ತು. ಬದು ಎತ್ತರವಾದರೆ ಹೊಳೆಯ ನೀರು ಅವನ ಗದ್ದೆಯೊಳಗೇ ನಿಲ್ಲುತ್ತದೆ, ಬೇರೆಯವರ ಗದ್ದೆಗೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಅರ್ಥವಾಯಿತು. ಪಕ್ಕದ ಗದ್ದೆಯವನು, "ಇನ್ನೊಂದು ಸಲ ಯೋಚನೆ ಮಾಡು ಮಾರಾಯ," ಎಂದ. ಈಗ ಅವನ ದನಿ ತಗ್ಗಿತ್ತು. ರೈತನ ಹೆಂಡತಿ ಸೆರಗು ಸಿಕ್ಕಿಸಿ ಗದ್ದೆಗೆ ಇಳಿದು ಮೊದಲ ಹಿಡಿ ಪೈರು ಕಿತ್ತಳು.

ಏಳು ದಿನ ಊರೆಲ್ಲ ಮಣ್ಣು ಹೊತ್ತಿತು.

ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆ ಉಬ್ಬರ. ಊರವರು ಹೊಸ ಒಡ್ಡಿನ ಮೇಲೆ ಮಾರಿಗೊಬ್ಬರಂತೆ ನಿಂತರು. ನೀರು ಮುನ್ನೂರ ನಲವತ್ತು ಗಿಡಗಳನ್ನು ಮುಚ್ಚಿತು. ಹಳೆಯ ಒಡ್ಡಿನ ತಲೆ ಮುಟ್ಟಿತು. ಮೊದಲು ಒಂದು ಕಡೆ ಕೈಯಗಲ ಕುಸಿಯಿತು, ಆಮೇಲೆ ಉಳಿದದ್ದು ಒಟ್ಟಿಗೆ ಹೋಯಿತು. ನೀರು ರೈತನ ಗದ್ದೆಗೆ ನುಗ್ಗಿ ಹೊಸ ಒಡ್ಡಿಗೆ ಬಡಿಯಿತು. ಮಣ್ಣು ಇನ್ನೂ ಹಸಿಯಾಗಿತ್ತು. ಎರಡು ಕಡೆ ಒಸರಿತು. ಅಲ್ಲಿ ಹೆಂಗಸರು ಹುಲ್ಲು ತುರುಕಿ, ಮೇಲೆ ಮಣ್ಣು ಸುರಿದು ತುಳಿದರು. ನೀರು ಒಡ್ಡಿನ ತಲೆಗೆ ನಾಲ್ಕು ಬೆರಳು ಉಳಿಯುವವರೆಗೆ ಏರಿತು. ಅಷ್ಟಕ್ಕೆ ನಿಂತಿತು. ಬಹಳ ಹೊತ್ತಿನ ಮೇಲೆ ಮುದುಕಿ, ಇಳೀತಾ ಇದೆ ಎಂದಳು.

ರೈತನ ಗದ್ದೆ ಕೆಸರಾಯಿತು. ಕಟ್ಟಳೆಯಂತೆ ಅವನು ಅದನ್ನು ಊರಿಗೆ ಬಿಟ್ಟುಕೊಟ್ಟ. ಊರು ಅದನ್ನು ಯಾರಿಗೂ ಕೊಡಲಿಲ್ಲ, ಮತ್ತೆ ಒಡ್ಡು ಹಾಕಲೂ ಇಲ್ಲ. ಮೂರನೆಯ ದಿನ ಅಲ್ಲಿ ಏಡಿಗಳು ಕಂಡವು. ಮರುವರ್ಷ ಕಾಂಡ್ಲ ಗದ್ದೆಯೊಳಗೂ ಹುಟ್ಟಿತು. ರೈತ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿ ತಂಗಿಯರ ಮದುವೆ ಮಾಡಿದ. ಅವನು ಮುದುಕನಾಗುವ ಹೊತ್ತಿಗೆ ಗಿಡಗಳು ಎರಡಾಳೆತ್ತರ ಬೆಳೆದಿದ್ದವು. ಶ್ರಾವಣದ ಉಬ್ಬರ ಎಷ್ಟೇ ಜೋರಾದರೂ ಒಳಗಿನ ಒಡ್ಡು ಒಮ್ಮೆಯೂ ಒಡೆಯಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಏಡಿಯದು ಅರ್ಥವಾಯಿತು ಎಂದ. ಆದರೆ ತಪ್ಪು ತಿಳಿದು, ತಿದ್ದಿಕೊಂಡು, ಮೂರು ವರ್ಷ ಕಾದವನಿಗೇ ನೆಲ ಹೋಯಿತಲ್ಲ, ಇದೆಂಥ ನ್ಯಾಯ ಎಂದ. ಮತ್ತೆ ಕೇಳಿದ: "ಕೊನೆಗೆ ಆ ರೈತನಿಗೆ ಉಳಿದದ್ದಾದರೂ ಏನು ಗುರುಗಳೇ?"

ಗುರು ಹೇಳಿದರು: "ಮೂವತ್ತೊಂಬತ್ತು ಗದ್ದೆ."