ಮೊದಲು ಇಳಿದದ್ದು

ಶಿಷ್ಯ ಕೇಳಿದ: "ಗುರುಗಳೇ, ಪೇಟೆಯಲ್ಲಿ ವರ್ತಕನೊಬ್ಬ ಸಂಗೀತ ಕೇಳಲೆಂದೇ ಒಂದು ಕೋಣೆ ಕಟ್ಟಿಸಿದ್ದಾನೆ. ಅಲ್ಲಿನ ಯಂತ್ರಗಳ ಬೆಲೆಗೆ ಒಂದು ಮನೆಯೇ ಬರುತ್ತದಂತೆ. ಜನ ಗಂಟೆಗಿಷ್ಟು ಎಂದು ತೆತ್ತು, ಮನೆಯಲ್ಲಿ ಕೇಳಿದ ಹಾಡನ್ನೇ ಅಲ್ಲಿ ಮತ್ತೆ ಕೇಳಿ ಬರುತ್ತಾರೆ. ಕಿವಿ ಇದ್ದವನು ಕೇಳುವುದಕ್ಕೂ ಹಣ ತೆರುವುದು ಮರುಳಲ್ಲವೇ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಸಂಗೀತ ಕಲಿಸುವ ಒಬ್ಬ ಹೆಂಗಸಿದ್ದಳು. ಶ್ರುತಿಶುದ್ಧಿಗೆ ಅವಳದು ದೊಡ್ಡ ಹೆಸರು. ಹರೆಯದಲ್ಲಿ ಒಬ್ಬ ಹಿರಿಯ ಗಾಯಕನ ಹಿಂದೆ ಕುಳಿತು ತಂಬೂರಿ ಮೀಟಿದವಳು. ಹೊಸದಾಗಿ ಸೇರಿದ ಪ್ರತಿ ವಿದ್ಯಾರ್ಥಿಗೂ ಮೊದಲ ದಿನ ಒಂದು ಮಾತು ಹೇಳುತ್ತಿದ್ದಳು: "ನನ್ನ ಮೊದಲ ಕಚೇರಿಯಲ್ಲಿ ಗಾಯಕರೇ ಜಾರಿದರು; ನನ್ನ ತಂತಿ ಜಾರಲಿಲ್ಲ."

ಅದನ್ನು ಸುಳ್ಳೆನ್ನುವವರು ಯಾರೂ ಇರಲಿಲ್ಲ. ಅಂದು ಗಾಯಕ ಉಗಾಭೋಗದಿಂದ ಆರಂಭಿಸಿದ್ದ. ಅದು ತಾಳವಿಲ್ಲದ ಹಾಡು. ಪಕ್ಕವಾದ್ಯಗಳು ಸುಮ್ಮನಿದ್ದವು, ತಂಬೂರಿಯೊಂದೇ ಜೊತೆಗಿತ್ತು. ಹಾಡು ಮುಗಿದು ಪಿಟೀಲು ಸೇರಿದೊಡನೆ, ಗಾಯಕ ಶ್ರುತಿಯಿಂದ ಎಳೆಯಷ್ಟು ಕೆಳಗಿರುವುದು ಸಭೆಗೆಲ್ಲ ತಿಳಿದುಹೋಯಿತು. ಅವನೇ ಕೈಮುಗಿದು, "ಗಂಟಲು ಜಾರಿತು, ಮನ್ನಿಸಬೇಕು" ಎಂದ. ಮರುದಿನ ಪತ್ರಿಕೆಯೂ ಹಾಗೆಯೇ ಬರೆಯಿತು.

ಮೂವತ್ತು ವರ್ಷ ಕಳೆದವು. ಆ ಕಚೇರಿಯ ಧ್ವನಿಮುದ್ರಣ ಕೇಳಿದ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಪಾಠದ ನಡುವೆ, "ಅಮ್ಮಾ, ಆ ಕಚೇರಿಯ ಮುದ್ರಣದಲ್ಲಿ ತಂಬೂರಿಯೂ ಗಾಯನವೂ ಒಟ್ಟಿಗೇ ಇಳಿದಂತೆ ಕೇಳುತ್ತದೆ. ಮೊದಲು ಇಳಿದದ್ದು ಯಾವುದು?" ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಯಕರೇ ಒಪ್ಪಿಕೊಂಡ ಮೇಲೆ ನಿನ್ನದೇನೇ?" ಎಂದು ಗದರಿಸಿ ಕಳುಹಿಸಿದಳು.

ಆದರೆ ಪ್ರಶ್ನೆ ಹೋಗಲಿಲ್ಲ. ಅವಳ ಹೆಸರೆಲ್ಲ ನಿಂತಿದ್ದುದು ಆ ಒಂದು ಮಾತಿನ ಮೇಲೆ. ಮನೆಯ ಯಂತ್ರದಲ್ಲಿ ಹತ್ತು ಸಲ ಕೇಳಿದಳು. ತಂಬೂರಿಯ ನಾದ ಗಾಯನದೊಳಗೆ ಬೆರೆತುಹೋಗಿತ್ತು, ಬೇರ್ಪಡಿಸಲಾಗಲಿಲ್ಲ. ಕಚೇರಿ ನಡೆಸಿದವರಿಂದ ಮೂಲ ಟೇಪನ್ನು ಬೇಡಿ ತಂದಳು. ಅದನ್ನು ಹಿಡಿದು, ನೀನು ಹೇಳಿದಂಥದೇ ಒಂದು ಕೋಣೆಗೆ ಹೋಗಿ, ಗಂಟೆಯ ಹಣ ತೆತ್ತಳು.

ಗೋಡೆಗೆ ದಪ್ಪ ಬಟ್ಟೆ, ನಡುವೆ ಒಂದೇ ಕುರ್ಚಿ. ಕೋಣೆಯ ಒಡೆಯ ಹೆಮ್ಮೆಯಿಂದ, "ಕೂತುಕೊಳ್ಳಿ ಅಮ್ಮಾ. ಇಲ್ಲಿ ಗಾಯಕರು ಉಸಿರೆಳೆದದ್ದೂ ಕೇಳುತ್ತದೆ" ಎಂದ.

"ಅವರ ಉಸಿರು ತಗೊಂಡು ನಾನೇನು ಮಾಡಲಪ್ಪಾ? ಜಾರಿದ್ದು ಕೇಳಿದರೆ ಸಾಕು."

ಟೇಪು ತಿರುಗಿತು. ದನಿ ಒಂದೆಡೆ, ತಂತಿ ಒಂದೆಡೆ, ಎರಡೂ ಬೇರೆಬೇರೆಯಾಗಿ ನಿಂತವು. ಉಗಾಭೋಗದ ನಡುವೆ ತಂಬೂರಿಯ ತಂತಿ ಬಿಗಿಯುವ ಬಿರಡೆಯೊಂದು ಸಣ್ಣಗೆ ಕಿರುಗುಟ್ಟಿತು. ಷಡ್ಜದ ತಂತಿ ಎಳೆಯಷ್ಟು ಇಳಿಯಿತು. ಗಾಯಕ ಒಮ್ಮೆ ಉಸಿರೆಳೆದ. ಆಮೇಲೆ ತನ್ನ ದನಿಯನ್ನು ತಂತಿ ಇದ್ದಲ್ಲಿಗೆ ಮೆಲ್ಲಗೆ ಇಳಿಸಿದ.

"ಇನ್ನೊಮ್ಮೆ ಹಾಕಿ" ಎಂದಳು. ಮೂರು ಸಲ ಕೇಳಿದಳು. ಗಾಯಕ ತನ್ನ ಶ್ರುತಿಯಲ್ಲೇ ನಿಂತಿದ್ದರೆ ಅಪಸ್ವರ ತಂಬೂರಿಯದಾಗುತ್ತಿತ್ತು. ಇಡೀ ಸಭೆ ಹಿಂದೆ ಕುಳಿತಿದ್ದ ಹುಡುಗಿಯತ್ತ ತಿರುಗುತ್ತಿತ್ತು. ಆ ಗಳಿಗೆಯಲ್ಲಿ ಹುಡುಗಿ ಏನು ಮಾಡುತ್ತಿದ್ದಳೆಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಕೈ ತಂತಿಯ ಮೇಲಿತ್ತು. ಕಣ್ಣು, ಮುಂದಿನ ಸಾಲಿನಲ್ಲಿ ಯಾರು ಯಾರು ತನ್ನನ್ನು ನೋಡುತ್ತಿದ್ದಾರೆಂದು ಹುಡುಕುತ್ತಿತ್ತು.

"ಜಾರಿದ್ದು ಕೇಳಿಸಿತೇ ಅಮ್ಮಾ?" ಎಂದ ಒಡೆಯ.

ಅವನಿಗೆ ಶ್ರುತಿಯ ಸೂಕ್ಷ್ಮ ತಿಳಿಯದು. ಹೌದೆಂದು ತಲೆಯಾಡಿಸಿ ಎದ್ದುಬಂದಿದ್ದರೆ ಅವಳ ಹೆಸರಿಗೆ ಕುಂದು ಬರುತ್ತಿರಲಿಲ್ಲ.

"ಕೇಳಿಸಿತು. ಜಾರಿದವಳು ನಾನು" ಎಂದಳು.

ಮರುದಿನ ವಿದ್ಯಾರ್ಥಿಗಳನ್ನೆಲ್ಲ ಕೂರಿಸಿ ಅದನ್ನೇ ಹೇಳಿದಳು. ಕೆಲವರು ಬೇರೆ ಕಡೆ ಪಾಠ ಹುಡುಕಿಕೊಂಡರು. ಬಳಿಕ ಗಾಯಕನ ಮನೆಗೆ ಹೋಗಿ, ಕಾಲಿಗೆರಗಿ, ಕೋಣೆಯಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದಳು.

ಮುದುಕ ನಕ್ಕುಬಿಟ್ಟ. "ಅದಕ್ಕೆ ದುಡ್ಡು ಬೇರೆ ಕೊಟ್ಟೆಯಾ, ಹುಚ್ಚು ಹುಡುಗೀ? ನನಗೆ ಅಂದೇ ಪುಕ್ಕಟೆ ಕೇಳಿಸಿತ್ತಲ್ಲ!"

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು.

ಶಿಷ್ಯನೂ ನಕ್ಕ. "ಹಾಗಾದರೆ ನಾನಂದದ್ದೇ ಸರಿಯಾಯಿತು, ಗುರುಗಳೇ. ಬಲ್ಲವನು ಪುಕ್ಕಟೆಯಾಗಿಯೇ ಕೇಳಿಸಿಕೊಂಡ."

ಗುರುಗಳೆಂದರು: "ಆ ಕಚೇರಿಯ ಬಳಿಕ ಅವನನ್ನು ಯಾರೂ ಹಾಡಲು ಕರೆಯಲಿಲ್ಲ."