ಕೂಗಿದರೆ ಎಮ್ಮೆ ಯಾಕೆ ಏಳೋದಿಲ್ಲ

ಆಗ ಭೂಮಿ ಹೊಸದು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ನದಿಗಳಿಗೆ ಯಾವ ಕಡೆ ಹರೀಬೇಕು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ, ಅಲ್ಲಲ್ಲಿ ನಿಂತು ದಾರಿ ಕೇಳಿಕೊಂಡು ಹೋಗ್ತಿದ್ದವು. ಗಾಳಿ ಮಾತಾಡ್ತಿತ್ತು, ಕೆರೆ ಮಾತಾಡ್ತಿತ್ತು, ಪ್ರಾಣಿಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಮನುಷ್ಯರು ಎಲ್ಲರಿಗಿಂತ ಕೊನೆಗೆ ಬಂದವರು. ಕೊನೆಗೆ ಬಂದು, ಮೊದಲೇ ಇದ್ದವರಿಗೆಲ್ಲ ಹೆಸರಿಡೋಕೆ ಕೂತರು. ಅವರ ಜಂಬ ನೋಡಿ.

ಆ ಮೊದಲನೇ ಊರಿನ ಯಜಮಾನ ಕೆಂಪೀರಯ್ಯ. ಹೆಸರಿಡೋದು ಅವನದೇ ಕೆಲಸ. ಊರಿನಲ್ಲಿ ಸಂಜೆಗೂಗು ಅಂತ ಒಂದು ಪದ್ಧತಿ ಇತ್ತು. ಹೊತ್ತು ಇಳಿಯೋ ಹೊತ್ತಿಗೆ ಕೆಂಪೀರಯ್ಯ ಊರಬಾಗಿಲಲ್ಲಿ ನಿಂತು, ಒಂದೊಂದೇ ಪ್ರಾಣಿಯ ಹೆಸರು ಹಿಡಿದು, ಕೈ ಮುಗಿದು ಕೂಗಬೇಕು. ಕಾಡಿನವರು ಕಾಡಿಗೆ ಹೋಗ್ತಿದ್ದರು, ಊರಿನವರು ಬೇಲಿಯ ಒಳಗೆ ಬರ್ತಿದ್ದರು.

ಮೊದಮೊದಲು ಎಲ್ಲರಿಗೂ ಬರೀ ಹೆಸರು. ಹುಲಿ ಅಂದರೆ ಹುಲಿ, ಹಾವು ಅಂದರೆ ಹಾವು. ಒಂದು ಸಂಜೆ ಹುಲಿ ಊರಬಾಗಿಲಿಗೆ ಬಂದು ಬಾಯಿ ಅಗಲ ಮಾಡಿ ಆಕಳಿಸಿತು. ಆಕಳಿಸಿತು ಅಷ್ಟೇ, ಬೇರೇನೂ ಮಾಡಲಿಲ್ಲ. ಕೆಂಪೀರಯ್ಯ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಬಾಯಿಂದ ತಾನೇ ತಾನಾಗಿ "ಹುಲಿರಾಯರೇ" ಅಂತ ಬಂತು. ಹುಲಿಗೆ ಖುಷಿಯಾಯಿತು, ಬಾಲ ಎತ್ತಿಕೊಂಡು ಹೊರಟುಹೋಯಿತು.

ಇದು ಒಳ್ಳೆ ಉಪಾಯ ಅಂದುಕೊಂಡ ಕೆಂಪೀರಯ್ಯ. ಮಾರನೇ ದಿನ ಹಾವು ಹೆಡೆ ಎತ್ತಿತು, ಅದಕ್ಕೆ ನಾಗಪ್ಪ ಅಂದ. ಆನೆ ಬೇಲಿ ತುಳಿಯಿತು, ಅದಕ್ಕೆ ಗಜರಾಜ ಅಂದ. ನರಿ ಕೋಳಿ ಕದ್ದಿತು, ಅದಕ್ಕೆ ನರಿಯಣ್ಣ ಅಂದ. ಕಚ್ಚೋರಿಗೆ, ತುಳಿಯೋರಿಗೆ, ಕದಿಯೋರಿಗೆ, ಎಲ್ಲರ ಹೆಸರಿಗೂ ಒಂದೊಂದು ಮರ್ಯಾದೆಯ ಬಾಲ ಅಂಟಿಸಿದ. ಹಸು ಬೆಳ್ಳಗೆ ಲಕ್ಷಣವಾಗಿದ್ದಳು, ಅವಳಿಗೆ ತಾಯಿ ಅಂದ. ಅದಕ್ಕೆ ನನ್ನ ತಕರಾರೇನೂ ಇಲ್ಲ, ಹಸು ಒಳ್ಳೆಯವಳು.

ಆಮೇಲೆ ಎಮ್ಮೆ.

ಎಮ್ಮೆ ಯಾರನ್ನೂ ಕಚ್ಚಿದವಳಲ್ಲ. ಯಾರ ಮನೆದೂ ಕದ್ದವಳಲ್ಲ. ಊರಿನ ಅರ್ಧ ಮಕ್ಕಳು ಬೆಳೆದದ್ದೇ ಅವಳ ಹಾಲು ಕುಡಿದು. ಮೊಸರು ಗಟ್ಟಿ ಬರ್ತಿದ್ದದ್ದು ಅವಳಿಂದ, ರೊಟ್ಟಿಯ ಮೇಲೆ ಬೆಣ್ಣೆ ಬೀಳ್ತಿದ್ದದ್ದು ಅವಳಿಂದ. ಅವಳ ಹೆಸರಿಗೆ ಬಾಲ ಹಾಗಿರಲಿ, ಸಂಜೆಗೂಗಿನಲ್ಲಿ ಅವಳ ಹೆಸರನ್ನೇ ಕೂಗ್ತಿರಲಿಲ್ಲ. ಎಲ್ಲರೂ ಒಳಗೆ ಬಂದ ಮೇಲೆ ಕೆಂಪೀರಯ್ಯ ಕೈ ಒದರಿಕೊಂಡು, "ಏಯ್, ಅದನ್ನೂ ಹೊಡಕೊಂಡು ಬನ್ರೋ" ಅಂತಿದ್ದ. ಅಷ್ಟೇ. ಅದು. ಹಾಲು ಕರೆಯೋಕೂ ಅದು, ಹುಲ್ಲು ಹಾಕೋಕೂ ಅದು. ಯಾರಾದರೂ ಮಂಕಾಗಿ ಕೂತರೆ, "ಒಳ್ಳೇ ಎಮ್ಮೆ ಥರ ಕೂತಿದ್ದೀಯಲ್ಲ" ಅಂತ ಬೈಗುಳ ಬೇರೆ.

ಈ ಕತೆಯಲ್ಲಿ ನಾನು ಅವಳನ್ನ ಅವಳು ಅಂತಲೇ ಹೇಳ್ತೀನಿ. ಹುಲಿಯನ್ನ ಅದು ಅಂತೀನಿ. ಯಾರಿಗಾದರೂ ಹೊಟ್ಟೆ ಉರಿದರೆ ಎದ್ದು ಹೋಗಬಹುದು, ಬಾಗಿಲು ತೆಗೆದೇ ಇದೆ.

ಗಾಳಿಗೆ ತಡೆಯಲಿಲ್ಲ. ಎಮ್ಮೆಯ ಕಿವಿಯ ಹತ್ತಿರ ಬಂದು, "ನಿನಗೆ ಬೇಜಾರಾಗಲ್ಲವೇನೇ?" ಅಂತ ಕೇಳಿತು.

"ಹೋಗಲಿ ಬಿಡು," ಅಂದಳು ಎಮ್ಮೆ. "ಅವರ ನಾಲಿಗೆ ಅವರದು."

ಕೆರೆಯೂ ಕೇಳಿತು. "ಆ ಕದಿಯೋ ನರಿಗೆ ಅಣ್ಣ ಅಂತಾರಲ್ಲ, ನಿನಗೆ ಏನೂ ಅನ್ನಿಸಲ್ಲವಾ?"

"ಹೋಗಲಿ ಬಿಡು," ಅಂದಳು ಎಮ್ಮೆ. "ನನ್ನ ಕರು ಚೆನ್ನಾಗಿದೆ, ನನಗೆ ಅಷ್ಟು ಸಾಕು."

ಕರು ಅಂದರೆ ಅವಳ ಪ್ರಾಣ. ಕಡ್ಡಿಯಂಥ ಕಾಲು, ಅಗಲ ಕಿವಿ, ಹುಟ್ಟಿ ಇನ್ನೂ ಎರಡು ತಿಂಗಳು.

ಒಂದು ಮಧ್ಯಾಹ್ನ ಆ ಕರು ಹಸುವಿನ ಕರುವಿನ ಜೊತೆ ಬೇಲಿಯ ಹತ್ತಿರ ಆಡ್ತಿತ್ತು. ಮೇಯೋಕೆ ಹೋದವರು ನೀರಿಗೆ ಅಂತ ವಾಪಸ್ಸು ಬರ್ತಿದ್ದರು. ಹಸುವಿನ ಕರು ಹೇಳಿತು, "ಅಗೋ, ನಮ್ಮಮ್ಮ ಬಂದಳು. ನಿಮ್ಮಮ್ಮ ಯಾರು?"

ಎಮ್ಮೆಯ ಕರು ಆ ಕಡೆ ನೋಡಿತು. "ಅಲ್ಲಿ ಹಿಂದೆ ಬರ್ತಾ ಇದೆಯಲ್ಲ," ಅಂದಿತು. "ಅದು."

ಎಮ್ಮೆಗೆ ಕೇಳಿಸಿತು. ನಿಂತ ಜಾಗದಲ್ಲೇ ನಿಂತುಬಿಟ್ಟಳು. ಕರುವಿನ ತಪ್ಪು ಏನಿದೆ ಹೇಳಿ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಅದೊಂದೇ ಮಾತು. ನಾಳೆ ದೊಡ್ಡದಾದ ಮೇಲೆ ತನ್ನನ್ನೇ ತಾನು ಏನಂದುಕೊಂಡೀತು ಅಂತ ನೆನೆದು ಎಮ್ಮೆಗೆ ಕೋಪ ಬಂತು. ಈ ಸಲ ಗಾಳಿ ಬಂದು ಕೇಳಿದಾಗ ಅವಳು ಹೋಗಲಿ ಬಿಡು ಅನ್ನಲಿಲ್ಲ.

"ಬಿಡಲ್ಲ," ಅಂದಳು. ಊರಿಗೆ ಬೆನ್ನು ಹಾಕಿ ಸೀದಾ ಕೆರೆಗೆ ನಡೆದಳು. ಅಲ್ಲಿಯವರೆಗೆ ಯಾವ ಎಮ್ಮೆಯೂ ನೀರಿಗೆ ಇಳಿದಿರಲಿಲ್ಲ. ಇವಳು ಇಳಿದಳು. ಮೊಣಕಾಲು ಮುಳುಗಿತು, ಹೊಟ್ಟೆ ಮುಳುಗಿತು, ಬೆನ್ನು ಮುಳುಗಿತು. ಮೂಗು, ಕಣ್ಣು, ಕೋಡು ಮಾತ್ರ ಮೇಲಿಟ್ಟುಕೊಂಡು ಕೂತಳು.

"ಎಷ್ಟು ಹೊತ್ತು ಕೂರ್ತೀಯೇ?" ಕೆರೆ ಕೇಳಿತು.

"ನಾನೂ ಒಬ್ಬಳು ಇದ್ದೀನಿ ಅಂತ ಅವರಿಗೆ ಗೊತ್ತಾಗೋವರೆಗೂ."

"ಹಾಗಾದರೆ ಆರಾಮಾಗಿ ಕೂರು," ಅಂದಿತು ಕೆರೆ. "ನಾನೇನೂ ಎಲ್ಲಿಗೂ ಹೋಗಲ್ಲ."

ಸಂಜೆಗೂಗು ಮುಗಿಯಿತು. ಕೆಂಪೀರಯ್ಯ ಕೈ ಒದರಿಕೊಂಡು ಅದನ್ನೂ ಹೊಡಕೊಂಡು ಬನ್ನಿ ಅಂದ. ಹೋದವರು ಬರಿಗೈಯಲ್ಲಿ ಬಂದರು. "ಏಳ್ತಾ ಇಲ್ಲ ಯಜಮಾನ್ರೇ. ಕೂಗಿದ್ವಿ, ಕೋಲು ತೋರಿಸಿದ್ವಿ, ಕಲ್ಲು ಹೊಡೆದ್ವಿ. ತಿರುಗಿಯೂ ನೋಡಲ್ಲ."

"ಕಿವುಡಾಗಿರಬೇಕು," ಅಂದ ಕೆಂಪೀರಯ್ಯ. ಕರು ಮಾತ್ರ ರಾತ್ರಿ ಹೊತ್ತು ಕೆರೆಗೆ ಬಂದು, ಆಳ ಇಲ್ಲದ ಕಡೆ ಹಾಲು ಕುಡಿದು ಹೋಗ್ತಿತ್ತು.

ಮಾರನೇ ಬೆಳಿಗ್ಗೆ ಊರಿನ ಅರ್ಧ ಮನೆಗಳಲ್ಲಿ ಹಾಲಿಲ್ಲ. ಅದರ ಮಾರನೇ ದಿನ ಮೊಸರಿಲ್ಲ. ಮಕ್ಕಳು ಒಂದೇ ಸಮನೆ ಅಳೋಕೆ ಶುರು ಮಾಡಿದವು. ಕೆಂಪೀರಯ್ಯನಿಗೆ ಒಣ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆಗ ಅವನಿಗೆ ತನ್ನ ಹಳೇ ಉಪಾಯ ನೆನಪಾಯಿತು. ಹೂವಿನ ಹಾರ ಹಿಡಿದು ಕೆರೆಯ ಏರಿಯ ಮೇಲೆ ಬಂದು, ಹಲ್ಲು ಕಿರಿದು, ಕೈ ಮುಗಿದ.

"ಎಮ್ಮೆರಾಯರೇ, ಮಹಾತಾಯಿಯವರೇ, ದಯಮಾಡಿ ಮೇಲೆ ಬರಬೇಕು."

ಎಮ್ಮೆ ಒಂದು ಕಣ್ಣು ತೆರೆದಳು. "ಹುಲಿಗೆ ಹೆದರಿ ರಾಯರೇ ಅಂದೆ. ನನಗೆ ಹಾಲಿನ ಆಸೆಗೆ ಅಂತಿದ್ದೀಯ. ನಾಳೆ ಹಾಲು ಬತ್ತಿದರೆ ಏನಂತೀಯ?"

ಕೆಂಪೀರಯ್ಯ ಹಾರವನ್ನ ಇನ್ನಷ್ಟು ಮುಂದೆ ಚಾಚಿದ.

"ಆ ಬಾಲ ನೀನೇ ಇಟ್ಟುಕೋ," ಅಂದಳು ಎಮ್ಮೆ, ಕಣ್ಣು ಮುಚ್ಚಿದಳು.

ಯಜಮಾನನಿಗೆ ಊರೆದುರು ಅವಮಾನವಾಯಿತು. ಅವಮಾನವಾದ ಮೇಲೆ ಒಳಗಿದ್ದ ಬುದ್ಧಿ ಹೊರಗೆ ಬಂತು. ಕರುವನ್ನ ಎಳೆದುಕೊಂಡು ಬಂದು, ಎಮ್ಮೆಗೆ ಕಾಣೋ ಹಾಗೆ ದಡದ ಗೂಟಕ್ಕೆ ಕಟ್ಟಿಸಿದ. "ಇದು ಹಸಿದು ಕೂಗಲಿ. ಅದು ತಾನೇ ಎದ್ದು ಬರುತ್ತೆ," ಅಂದ.

ಬಿಸಿಲು ಏರಿತು. ಕರು ಕೂಗಿತು. ಎಮ್ಮೆಯ ಕೆಚ್ಚಲು ಬಿಗಿದು ನೋಯ್ತಿತ್ತು, ಕರು ಕೂಗಿದಾಗೆಲ್ಲ ಹಾಲು ತಾನೇ ಇಳಿದು ನೀರಿಗೆ ಹೋಗ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ. ಕರು ಸತ್ತರೆ ಯಾವ ಮರ್ಯಾದೆ ತಗೊಂಡು ಏನು ಮಾಡಲಿ ಅಂದುಕೊಂಡಳು. ಹಿಂಗಾಲು ಊರಿದಳು, ಏಳೋಕೆ ಹೊರಟಳು. ದಡದಲ್ಲಿ ಕೆಂಪೀರಯ್ಯ ನಕ್ಕ.

ಕರು ಆ ನಗು ನೋಡಿತು. ಕಡ್ಡಿ ಕಾಲು ಅಗಲ ಮಾಡಿ ನಿಂತುಕೊಂಡಿತು.

"ಅವ್ವಾ," ಅಂದಿತು. "ಏಳಬೇಡ. ನಾನು ತಡಕೊಳ್ತೀನಿ."

ಎಮ್ಮೆ ಮತ್ತೆ ಕೂತಳು. ಅವಳ ಕಣ್ಣಲ್ಲಿ ನೀರು ಬಂದದ್ದು ಕೆರೆಗೆ ಮಾತ್ರ ಗೊತ್ತಾಯಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕರು ತನ್ನನ್ನ ಅವ್ವ ಅಂದಿತ್ತು. ಇನ್ನು ಯಜಮಾನ ಏನಂದರೆ ಅವಳಿಗೇನು.

ಆಗ ಗುಂಪಿನ ಹಿಂದಿನಿಂದ ಸಾಕವ್ವ ಬಂದಳು. ದಿನಾ ಎಮ್ಮೆಯ ಹಾಲು ಕರೆಯೋಳು ಅವಳು. ಅವಳೂ ಅದು ಅಂತಲೇ ಅಂತಿದ್ದಳು, ಸುಳ್ಳು ಯಾಕೆ ಹೇಳಲಿ. ಬಂದವಳೇ ಗೂಟಕ್ಕೆ ಕಟ್ಟಿದ ಹಗ್ಗ ಬಿಚ್ಚಿದಳು.

"ಏನೇ ಅದು ನಿನ್ನ ಅಧಿಕಪ್ರಸಂಗ? ಯಾರನ್ನ ಕೇಳಿ ಬಿಚ್ಚಿದೆ?" ಕೆಂಪೀರಯ್ಯ ಗದರಿದ.

"ನಿನ್ನ ಮಗೂನ ಕಟ್ಟಿಹಾಕಿ ನಿನ್ನ ಹೆಂಡತೀನ ಕೂಗು, ನೋಡೋಣ," ಅಂದಳು ಸಾಕವ್ವ. "ನಿನಗೆ ನಾಚಿಕೆ ಆಗಲ್ಲ. ನನಗೆ ಆಗ್ತಿದೆ."

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕರುವನ್ನ ಮುಂದೆ ಬಿಟ್ಟುಕೊಂಡು ನೀರಿಗೆ ಇಳಿದಳು. ಎಮ್ಮೆಯ ಪಕ್ಕ ಹೋಗಿ ನಿಂತಳು. ಕೈ ಮುಗಿಯಲಿಲ್ಲ, ರಾಯರೇ ಅನ್ನಲಿಲ್ಲ. ಒಂದು ಹಿಡಿ ಹುಲ್ಲು ಸುರುಳಿ ಸುತ್ತಿಕೊಂಡು, ಎಮ್ಮೆಯ ಬೆನ್ನಿನ ಮೇಲೆ ಮೆತ್ತಿಕೊಂಡಿದ್ದ ಕೆಸರು ಉಜ್ಜಿದಳು. ಕಲ್ಲು ತಗುಲಿ ಊದಿಕೊಂಡಿದ್ದ ಜಾಗದಲ್ಲಿ ಕೈ ಮೆತ್ತಗೆ ಮಾಡಿದಳು.

ಆಮೇಲೆ ಅವಳ ಕಣ್ಣನ್ನೇ ನೋಡಿ ಕೇಳಿದಳು, "ಈಗ ಏಳ್ತೀಯಾ ತಾಯಿ, ಇನ್ನೂ ಸ್ವಲ್ಪ ಹೊತ್ತು ಕೂರ್ತೀಯಾ?"

ಭೂಮಿ ಹುಟ್ಟಿದಾಗಿನಿಂದ ಎಮ್ಮೆಯನ್ನ ಮನುಷ್ಯರು ಯಾರೂ ನಿನಗೇನು ಬೇಕು ಅಂತ ಕೇಳಿರಲಿಲ್ಲ. ಹೇಳ್ತಿದ್ದರು, ಹೊಡೀತಿದ್ದರು, ಇವತ್ತು ಹೊಗಳಿಯೂ ಇದ್ದರು. ಕೇಳಿದವಳು ಇವಳೊಬ್ಬಳೇ.

ಎಮ್ಮೆ ಯೋಚನೆ ಮಾಡಿದಳು. ನಿಧಾನವಾಗಿ ಯೋಚನೆ ಮಾಡಿದಳು, ಯಾಕೆಂದರೆ ಈ ಸಲ ತೀರ್ಮಾನ ಅವಳದು.

"ಇನ್ನೂ ಸ್ವಲ್ಪ ಹೊತ್ತು," ಅಂದಳು.

"ಆಗಲಿ," ಅಂದಳು ಸಾಕವ್ವ. ನೀರಲ್ಲೇ ನಿಂತು ಕಾದಳು. ಕರು ಈಜಿ ಬಂದು ಅವ್ವನ ಕುತ್ತಿಗೆಗೆ ಮೂತಿ ಒತ್ತಿತು. ದಡದ ಮೇಲೆ ಕೆಂಪೀರಯ್ಯನ ಕೈಯಲ್ಲಿದ್ದ ಹಾರ ಬಾಡಿತು. ಬಿಸಿಲು ಇಳಿಯಿತು. ಎಮ್ಮೆಗೆ ಸಾಕು ಅನ್ನಿಸಿದಾಗ, ಅವಳಿಗೆ ಅನ್ನಿಸಿದಾಗಲೇ, ನೀರು ಸುರಿಸಿಕೊಂಡು ಎದ್ದಳು. ಆಳ ಇಲ್ಲದ ಕಡೆ ನಿಂತು ಮೊದಲು ಕರುವಿಗೆ ಹೊಟ್ಟೆ ತುಂಬ ಕುಡಿಸಿದಳು. ಮಿಕ್ಕಿದ್ದನ್ನ ಸಾಕವ್ವನಿಗೆ ಕೊಟ್ಟಳು. ಕೆಂಪೀರಯ್ಯನ ಕಡೆ ನೋಡಲೂ ಇಲ್ಲ, ಅವನ ಕಾಲ ಹತ್ತಿರವೇ ಸಗಣಿ ಹಾಕಿ ಮುಂದೆ ಹೋದಳು.

ಜನ ಬದಲಾದರು ಅಂದುಕೊಂಡಿರಾ? ಎಲ್ಲಿ ಬಂತು. ಹುಲಿಗೆ ಈಗಲೂ ರಾಯ, ನರಿಗೆ ಈಗಲೂ ಅಣ್ಣ, ಎಮ್ಮೆಗೆ ಈಗಲೂ ಅದು. ಎಮ್ಮೆಗಳೂ ಬದಲಾಗಲಿಲ್ಲ. ಬಿಸಿಲು ಏರಿತು ಅಂದರೆ ಸೀದಾ ಕೆರೆಗೆ ನಡೀತಾರೆ, ತಲೆ ಮಾತ್ರ ಮೇಲಿಟ್ಟುಕೊಂಡು ಕೂರ್ತಾರೆ. ದಡದಲ್ಲಿ ನಿಂತು ನೀವು ಏಯ್ ಅಂತ ಎಷ್ಟು ಕಿರುಚಿದರೂ ಕಿವಿ ಒಂದು ಸಲ ಆಡುತ್ತೆ, ತಲೆ ತಿರುಗಲ್ಲ. ಅವರೇನೂ ಕಿವುಡರಲ್ಲ ಮಕ್ಕಳೇ, ಏಳ್ತೀಯಾ ಅಂತ ನೀವು ಇನ್ನೂ ಕೇಳಿಲ್ಲ, ಅದಕ್ಕೇ ಅವರು ಇನ್ನೂ ಎದ್ದಿಲ್ಲ.