ಪಿಸ್ಟನ್ನಿನ ಮೈಮೇಲಿನ ಮಸಿ

ಲಾರಿ ಎಂಜಿನ್ನಿನ ಹೊಸ ಪಿಸ್ಟನ್ನಿಗೆ ತನ್ನ ಮೈಗೆ ಬಳಿದಿದ್ದ ಗ್ರಾಫೈಟ್ ಲೇಪನವನ್ನು ಕಂಡರಾಗದು. "ಎಣ್ಣೆ ನೋಡು, ಬಂಗಾರದ ಹಾಗೆ ಹೊಳೆಯುತ್ತದೆ. ನೀನೋ ಬರೀ ಮಸಿ. ತೊಲಗು!" ಎಂದು ಗದರಿತು.

"ಎಣ್ಣೆ ಇರುವತನಕ ಬೈಸಿಕೊಳ್ಳುವುದೇ ನನ್ನ ಕೆಲಸ," ಎಂದಿತು ಲೇಪನ.

ಘಾಟಿ ಏರುವಾಗ ಕಲ್ಲು ಬಡಿದು ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿ ಒಡೆಯಿತು, ಎಣ್ಣೆಯೆಲ್ಲ ರಸ್ತೆಪಾಲಾಯಿತು. "ಎಣ್ಣೆಯಿಲ್ಲದೆ ಮುಟ್ಟಬೇಡ, ಉಜ್ಜಿ ಕಾದು ಇಬ್ಬರೂ ಕಚ್ಚಿಕೊಂಡು ಸಾಯುತ್ತೇವೆ!" ಎಂದು ಪಿಸ್ಟನ್ ಓಡಾಡುವ ಸಿಲಿಂಡರಿನ ಗೋಡೆ ಕಿರುಚಿತು. ಪಿಸ್ಟನ್ ಹೆದರಿ ಅಲ್ಲೇ ನಿಲ್ಲಲು ಹೊರಟಿತು.

"ನಿಲ್ಲಬೇಡ, ಓಡು! ನಡುವೆ ನಾನಿದ್ದೇನೆ!" ಎಂದ ಲೇಪನ ಪದರಪದರವಾಗಿ ಜಾರುತ್ತ ತನ್ನನ್ನೇ ಗೋಡೆಗೆ ಸವರಿತು. ಪಿಸ್ಟನ್ ಓಡಿತು. ಅಬ್ಬಾ, ಎಂಥ ಓಟ! ಏರು ದಾಟಿ ಲಾರಿ ಗ್ಯಾರೇಜಿನ ಮುಂದೆಯೇ ನಿಂತಿತು.

ಮೇಸ್ತ್ರಿ ಎಂಜಿನ್ ಬಿಚ್ಚಿದಾಗ ಪಿಸ್ಟನ್ ತಾನು ಬಯಸಿದಂತೆಯೇ ಬೋಳಾಗಿ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ.

"ಎಣ್ಣೆ ಆಮೇಲೆ ಹುಯ್ಯಿರಿ," ಎಂದು ಅದು ಕೂಗಿಕೊಂಡಿತು, "ಮೊದಲು ನನಗೆ ಆ ಮಸಿ ಬಳಿಯಿರಿ!"